ಬಹುಮಾನ ಒಬ್ಬರಿಗೆ, ಬಿಟ್ಟಿ ದುಡಿಮೆ ಎಲ್ಲರದು

ಹಬ್ಬಕ್ಕೆ ಮುಂಚೆ ನಮ್ಮ ಊರಿನ ದೊಡ್ಡ ಜವಳಿ ಅಂಗಡಿಯೊಂದು ಮೊಬೈಲಿನಲ್ಲಿ ಸ್ಪರ್ಧೆ ಸಾರಿತು. 2,000 ರೂಪಾಯಿಯ ಬಟ್ಟೆ ಕೊಳ್ಳಬೇಕು. ಅದನ್ನುಟ್ಟು ಅಂಗಡಿಯನ್ನು ಹೊಗಳುವ ಅರ್ಧ ನಿಮಿಷದ ವಿಡಿಯೋ ಕಳಿಸಬೇಕು. ಯಾರದಕ್ಕೆ ಹೆಚ್ಚು ಲೈಕು ಬೀಳುವುದೋ ಅವರಿಗೆ ಸ್ಕೂಟರು. ಗಿರಣಿಯ ಸ್ಪಿನ್ನಿಂಗ್ ಖಾತೆಯ ಕಾರ್ಮಿಕ ಬಂಧುವೊಬ್ಬರು ಕೈಸಾಲ ಮಾಡಿ ಮಗಳಿಗೆ ಸೀರೆ ತಂದರು. ಕೊನೆಯ ದಿನ ಸಂಜೆಯವರೆಗೂ ಆ ಹುಡುಗಿಯ ವಿಡಿಯೋ ಮುಂದಿತ್ತು. ಬೆಳಗಾಗುವಷ್ಟರಲ್ಲಿ ಇನ್ನೊಂದಕ್ಕೆ ಸಾವಿರಾರು ಲೈಕು ಸುರಿದು ಸ್ಕೂಟರು ಅತ್ತ ಹೋಯಿತು. ಲೆಕ್ಕ ಕೇಳಿದರೆ, "ಅಂಗಡಿಯ ತೀರ್ಮಾನವೇ ಅಂತಿಮ" ಎಂಬ ಉತ್ತರ.

ಸ್ಪರ್ಧೆಯೆಂದ ಮೇಲೆ ಸೋಲುವವರು ಇದ್ದೇ ಇರುತ್ತಾರೆ. ಆದರೆ ಲೈಕುಗಳನ್ನು ಸಂತೆಯ ಬದನೆಕಾಯಿಯಂತೆ ದುಡ್ಡಿಗೆ ಕೊಳ್ಳಬಹುದೆಂದು ಶಾಲೆಯ ಹುಡುಗರಿಗೂ ಗೊತ್ತಿರುವಾಗ, ಎಣಿಕೆಯನ್ನು ಯಾರು ಪರೀಕ್ಷಿಸಿದರು? ಇದೇ ಪೇಟೆಯ ಕಿರಾಣಿ ವರ್ತಕರು ಚೀಟಿ ಎತ್ತುವಾಗ ಡಬ್ಬಿಯನ್ನು ಬಾಗಿಲಿಗೆ ತಂದಿಟ್ಟು, ಗಿರಾಕಿಗಳ ಕಣ್ಣೆದುರು ಮಗುವಿನ ಕೈಯಿಂದ ಎತ್ತಿಸುತ್ತಾರೆ.

ಸ್ಕೂಟರಿನ ಮಾತು ಹಾಗಿರಲಿ. ಸೋತವರ ವಿಡಿಯೋಗಳೂ ಇಂದಿಗೂ ಅಂಗಡಿಯ ಜಾಹೀರಾತಾಗಿ ಓಡುತ್ತಿವೆ. ಸಣ್ಣಕ್ಷರದ ನಿಯಮದಲ್ಲಿ ಹಕ್ಕೆಲ್ಲ ಅಂಗಡಿಯದೆಂದು ಬರೆದುಕೊಂಡಿದ್ದಾರೆ. ಜಾಹೀರಾತು ಮಾಡಿಕೊಟ್ಟವನಿಗೆ ಕೂಲಿ ಸಲ್ಲಬೇಕಲ್ಲವೆ? 100 ಮಂದಿ ಮಾಡಿಕೊಟ್ಟರೆ ಒಬ್ಬನಿಗೆ ಸ್ಕೂಟರು, 99 ಮಂದಿಯದು ಬಿಟ್ಟಿಚಾಕರಿ. ಮೇಲೆ ಬಟ್ಟೆಯ ಹಣವನ್ನೂ ಅವರೇ ಕೊಟ್ಟಿದ್ದಾರೆ! 1957ರ ಕೃತಿಸ್ವಾಮ್ಯ ಕಾಯಿದೆಯ 19ನೆಯ ಕಲಮಿನಂತೆ ಹಕ್ಕನ್ನು ಬಿಟ್ಟುಕೊಡುವುದು ಬರಹದಲ್ಲಿ, ಸಹಿಯೊಡನೆ ಆಗಬೇಕು. ಗುಂಡಿ ಒತ್ತಿದ್ದೇ ಸಹಿಯೆಂದು ಅಂಗಡಿಯವರು ವಾದಿಸುವರೋ ಏನೋ.

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 2(47)ನೆಯ ಕಲಮು, ಬಹುಮಾನ ಯೋಜನೆ ಮುಗಿದಾಗ ಫಲಿತಾಂಶವನ್ನು ಮುಚ್ಚಿಡುವುದನ್ನು ಅನುಚಿತ ವ್ಯಾಪಾರವೆನ್ನುತ್ತದೆ. ಯಾವ ಪತ್ರಿಕೆಯಲ್ಲಿ ಜಾಹೀರಾತು ಬಂದಿತ್ತೋ ಅದರಲ್ಲೇ ಫಲಿತಾಂಶ ಅಚ್ಚಾದರೆ ತಿಳಿಸಿದಂತಾಯಿತು ಎನ್ನುವ ಈ ಕಾಯಿದೆ, ಮೊಬೈಲಿನಲ್ಲೇ ಹುಟ್ಟಿ ಮೊಬೈಲಿನಲ್ಲೇ ಮುಗಿಯುವ ಸ್ಪರ್ಧೆಗೆ ಏನು ಮಾಡಬೇಕೆಂದು ಬಿಡಿಸಿ ಹೇಳಿಲ್ಲ. ಲೈಕಿನ ಲೆಕ್ಕ ತೋರಿಸಬೇಕೆಂದೂ ಇಲ್ಲ. ಇದನ್ನು ಸೇರಿಸಬೇಕೆಂಬುದು ನಮ್ಮ ಒತ್ತಾಯ.

ಲೆಕ್ಕವಿಲ್ಲದಿದ್ದರೆ ಏನಾಗುವುದೆಂದು ಕಂಡಿದ್ದೇವೆ. 2007ರಲ್ಲಿ 'ಕೌನ್ ಬನೇಗಾ ಕರೋಡ್‌ಪತಿ'ಯ ವೀಕ್ಷಕರಿಗಾಗಿ ನಡೆದ ಎಸ್‌ಎಂಎಸ್ ಸ್ಪರ್ಧೆಯ ಬಗ್ಗೆ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ 1 ಕೋಟಿ ರೂಪಾಯಿ ವಿಧಿಸಿತು. ಬಹುಮಾನದ ಹಣ ಎಸ್‌ಎಂಎಸ್ ಶುಲ್ಕದಿಂದಲೇ ಬಂದಿತೆಂಬುದಕ್ಕೆ ಆಧಾರವಿಲ್ಲವೆಂದು ಸುಪ್ರೀಂ ಕೋರ್ಟು 2019ರಲ್ಲಿ ಅದನ್ನು ತಳ್ಳಿಹಾಕಿತು. ದಾಖಲೆ ಇರುವುದು ಧಣಿಯ ಪೆಟ್ಟಿಗೆಯಲ್ಲಿ, ರುಜುವಾತು ಮಾಡಬೇಕಾದವನು ಗಿರಾಕಿ.

ಆದುದರಿಂದ ಈ ಸ್ಪರ್ಧೆಗೆ ಸೇರಿದ್ದವರು ಬಿಲ್ಲನ್ನು ಎಸೆಯಬೇಡಿ. ನಿಯಮದ ಪುಟ, ಲೈಕಿನ ಎಣಿಕೆ ಎರಡನ್ನೂ ಫೋಟೋ ಹಿಡಿದಿಡಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಅರ್ಜಿ ಬರೆಯಲು ನೆರವು ಬೇಕಾದವರು ಭಾನುವಾರ ಬೆಳಿಗ್ಗೆ ನಮ್ಮ ಕಚೇರಿಗೆ ಬರಲಿ.