ಸತ್ತವರ ಮನೆಯ ಖರ್ಚಿಗೆ ಲೆಕ್ಕ ಬೇಡವೇ?

ಅಪ್ಪ ತೀರಿಕೊಂಡ ಮಾರನೇ ದಿನ ನಾನೇನಾದರೂ ಪುಸ್ತಕ ಹಿಡಿದು ಖರ್ಚು ಬರೆಯಲು ಕೂತಿದ್ದರೆ ನೆಂಟರು ಸುಮ್ಮನಿರುತ್ತಿರಲಿಲ್ಲ. 'ಹೆಣದ ಮುಂದೆ ಲೆಕ್ಕ ಹಾಕ್ತಾನೆ' ಎನ್ನುತ್ತಿದ್ದರು. ಆ ಮಾತಿಗೆ ಹೆದರಿ ನಾನೂ ಬರೆಯಲಿಲ್ಲ. ಇಪ್ಪತ್ತು ದಿನ ಜೇಬಿನಿಂದ ಹೋದದ್ದಕ್ಕೆ ಲೆಕ್ಕವಿಲ್ಲ. ಆಮೇಲೆ ಚೀಟಿ, ರಸೀದಿ ಹುಡುಕಿ, ನೆನಪು ಕೆದಕಿ ಬರೆದೆ. ಹಾಗೆ ಬರೆದದ್ದರಲ್ಲಿ ಅರ್ಧ ಜಗಳಕ್ಕೆ ದಾರಿಯಾಯಿತು. ನಮ್ಮ ಪತ್ರಿಕೆಯಲ್ಲಿ ಗೊಬ್ಬರದ ಲೆಕ್ಕ, ಕೊಯ್ಲಿನ ಲೆಕ್ಕ ಎಲ್ಲಾ ಬರುತ್ತದೆ. ಈ ಲೆಕ್ಕದ ಬಗ್ಗೆ ಯಾರೂ ಬರೆದದ್ದು ಕಾಣೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಭದ್ರಾವತಿಯ ಜನ್ನಾಪುರ. ಅಪ್ಪ ವಿಐಎಸ್ಎಲ್ ಕಾರ್ಖಾನೆಯಲ್ಲಿ ದುಡಿದವರು. ಆ ಸಂಬಳದಲ್ಲೇ ಉಳಿಸಿ ಊರ ಹೊರಗೆ ಭದ್ರಾ ನಾಲೆಯ ಕೆಳಗೆ ಎರಡೂವರೆ ಎಕರೆ ಕೊಂಡರು. ಒಂದು ಎಕರೆ ಅಡಿಕೆ, ಅದರಲ್ಲಿ ಅರ್ಧ ಈಗಷ್ಟೇ ಫಸಲು ಕಂಡ ಮರ. ಉಳಿದದ್ದು ಗದ್ದೆ. ಅಣ್ಣ ಬೆಂಗಳೂರಿನಲ್ಲಿ, ಅಕ್ಕನನ್ನು ತರೀಕೆರೆ ಕಡೆ ಕೊಟ್ಟಿದೆ. ಊರಲ್ಲಿ ಉಳಿದವನು ನಾನು. ಊರಲ್ಲಿ ಉಳಿದವನೇ ಓಡಾಡಬೇಕು, ಇದು ಎಲ್ಲಾ ಮನೆಯ ಕಥೆ.

ಓಡಾಟ ಎಂದರೆ ಎಷ್ಟು ಅಂತೀರಿ? ನಗರಸಭೆಯಲ್ಲಿ ಮರಣ ನೋಂದಣಿ. (21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ. ಪ್ರಮಾಣಪತ್ರದ ಪ್ರತಿ ಒಂದೆರಡು ಸಾಲದು, ಹತ್ತಾದರೂ ತೆಗೆದಿಡಿ.) ವಂಶವೃಕ್ಷಕ್ಕೆ ಅಫಿಡವಿಟ್, ನೋಟರಿ, ನಾಡಕಚೇರಿ. ಪೌತಿ ಖಾತೆಗೆ ತಾಲ್ಲೂಕು ಕಚೇರಿ. ಅಮ್ಮನ ಪಿಂಚಣಿಗೆ ಬೇರೆ ಅರ್ಜಿ. ಅಪ್ಪನ ಒಂದು ಠೇವಣಿಗೆ ಅಮ್ಮ ನಾಮಿನಿ, ಅದು ಬೇಗ ಆಯಿತು. ಇನ್ನೊಂದಕ್ಕೆ ನಾಮಿನಿ ಇರಲಿಲ್ಲ. ಅದಕ್ಕಾಗಿ ಕೋರ್ಟಿನಿಂದ ಉತ್ತರಾಧಿಕಾರ ಪ್ರಮಾಣಪತ್ರ ತರಬೇಕಾಯಿತು. ವಕೀಲರ ಫೀಸು, ಕೋರ್ಟ್ ಶುಲ್ಕ, ಪೇಪರಿನಲ್ಲಿ ಪ್ರಕಟಣೆ. ಬಸ್ಸು, ಪೆಟ್ರೋಲು, ಜೆರಾಕ್ಸು. ಒಂದು ಕಚೇರಿಯಲ್ಲಿ ರಸೀದಿ ಇಲ್ಲದ ಖರ್ಚೂ ಆಯಿತು, ಅದನ್ನು ಯಾವ ಹೆಸರಲ್ಲಿ ಬರೆಯುವುದೆಂದು ಈಗಲೂ ತಿಳಿಯದು. ಕೊನೆಗೆ ನನ್ನ ತಲೆಗೇ ಹಾಕಿಕೊಂಡೆ.

(2025ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಹೊಸ ನಿಯಮ ತಂದಿದೆ. ನಾಮಿನಿ ಇಲ್ಲದಿದ್ದರೂ, ವಾರಸುದಾರರಲ್ಲಿ ತಕರಾರಿಲ್ಲದಿದ್ದರೆ, ವಾಣಿಜ್ಯ ಬ್ಯಾಂಕಿನಲ್ಲಿ 15 ಲಕ್ಷದವರೆಗೆ, ಸಹಕಾರಿ ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಸರಳ ಕ್ರಮದಲ್ಲೇ ಹಣ ಕೊಡಬೇಕು. ನಮ್ಮದು ಅದಕ್ಕೂ ಹಿಂದಿನದು. ವಕೀಲರ ಬಳಿ ಹೋಗುವ ಮೊದಲು ಬ್ಯಾಂಕಿನಲ್ಲಿ ಕೇಳಿ.)

ವರ್ಷ ಕಳೆದು ಎಲ್ಲರೂ ಸೇರಿದಾಗ ಪುಸ್ತಕ ಮುಂದಿಟ್ಟೆ. ಶಿವಮೊಗ್ಗದ ಆಸ್ಪತ್ರೆಯ ಕೊನೇ ತಿಂಗಳ ಖರ್ಚು 1,12,000. ಮಣ್ಣು ಮಾಡಿದ್ದು, ತಿಥಿ, ಊಟ ಸೇರಿ 86,000. ಕಾಗದಪತ್ರ, ಕೋರ್ಟು, ಓಡಾಟ 41,300. ಅಪ್ಪ ಬಾಕಿ ಇಟ್ಟಿದ್ದ ಕೊಯ್ಲಿನ ಕೂಲಿ 18,500. ಒಟ್ಟು 2,57,800 ರೂಪಾಯಿ. ಅಣ್ಣ ಕಣ್ಣಾಡಿಸಿ 'ಇರಲಿ ಬಿಡು, ಕೊಡೋಣ' ಎಂದ. ಅಕ್ಕ ಮಾತ್ರ ಪುಸ್ತಕವನ್ನು ಹಾಳೆ ಹಾಳೆಯಾಗಿ ನೋಡಿದಳು. ನೋಡಿ, ಮೆಲ್ಲಗೆ ಕೇಳಿದಳು: 'ಖರ್ಚೆಲ್ಲಾ ಸರಿಯಾಗಿ ಬರೆದಿದ್ದೀಯ ಕಣೋ. ಎರಡು ಕೊಯ್ಲಿನ ಅಡಿಕೆ ಎಲ್ಲಿ ಬರೆದಿದ್ದೀಯ?'

ನನಗೆ ಸಿಟ್ಟು ಬಂತು. ಬಿಸಿಲಲ್ಲಿ ಅಲೆದವನು ನಾನು, ಕೇಳುವವಳು ಅವಳು! ಎದ್ದು ತೋಟಕ್ಕೆ ಹೋದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಅವಳು ಕೇಳಿದ್ದರಲ್ಲಿ ತಪ್ಪೇನಿದೆ ಎಂದು ಯೋಚಿಸಿದರೆ ಉತ್ತರ ಸಿಗಲಿಲ್ಲ. ಅಪ್ಪ ಹೋಗುವಾಗ ಅಂಗಳದಲ್ಲಿ ಒಣಗುತ್ತಿದ್ದ ಅಡಿಕೆ ನಾಲ್ವರದ್ದು. ಮರುವರ್ಷದ ಫಸಲೂ ನಾಲ್ವರ ಮರದ್ದೇ. ಮಾರಿದ ಹಣ ನನ್ನ ಕೈಯಲ್ಲಿತ್ತು. ಕದ್ದದ್ದಲ್ಲ, ಮುಚ್ಚಿಟ್ಟದ್ದೂ ಅಲ್ಲ. ತೋಟ ನೋಡಿಕೊಂಡವನಿಗೆ ಫಸಲು ಎಂದು ಮನಸ್ಸು ತಾನೇ ತೀರ್ಮಾನಿಸಿಬಿಟ್ಟಿತ್ತು, ಅಷ್ಟೆ.

ಅಡಿಕೆ ಹಾಕಿದ್ದು ಮ್ಯಾಮ್ಕೋಸ್‌ಗೆ, ಹಾಗಾಗಿ ಪಟ್ಟಿಗಳು ಇದ್ದವು. ಬೆಳಿಗ್ಗೆ ತೆಗೆದು ಅಕ್ಕನ ಮುಂದಿಟ್ಟೆ. ಎರಡು ಕೊಯ್ಲಿಗೆ 3,64,000. ಗೊಬ್ಬರ, ಔಷಧಿ, ಕೊನೆ ತೆಗೆದದ್ದು, ಸುಲಿತ, ಬೇಯಿಸಿದ್ದು ಎಲ್ಲಾ ಸೇರಿ, ಹಳೆ ಕೂಲಿಬಾಕಿ ಬಿಟ್ಟು, ಖರ್ಚು 1,92,000. ಉಳಿದದ್ದು 1,72,000. ಗದ್ದೆಯ ಭತ್ತ ಮನೆಯ ಊಟಕ್ಕಾಯಿತು, ಅಮ್ಮ ಇರುವುದೂ ಅದೇ ಮನೆಯಲ್ಲಿ, ಅದನ್ನು ಯಾರೂ ಎತ್ತಲಿಲ್ಲ. ಹೀಗೆ ನನಗೆ ಬರಬೇಕಾದದ್ದು 2,57,800 ಅಲ್ಲ, 85,800.

ನನ್ನ ದುಡಿಮೆಗೆ ಏನು ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಕಡಿಮೆ ಎಂದರೂ ನೂರೈವತ್ತು ದಿನ ಎಂದೆ. ಅಣ್ಣ 'ಯಾವ್ಯಾವ ದಿನ?' ಎಂದ. ಬರೆದಿಟ್ಟಿರಲಿಲ್ಲ. ಬರೆಯದ ದಿನ ಬಿದ್ದುಹೋಯಿತು. ಇದು ನನಗೆ ಈಗಲೂ ಚುಚ್ಚುತ್ತದೆ, ಆದರೆ ಅಣ್ಣನನ್ನು ದೂರುವುದಿಲ್ಲ. ಶುರುವಿನಲ್ಲೇ 'ಓಡಾಡಿದ ದಿನಕ್ಕೆ ಊರಿನ ಕೂಲಿ ದರದಂತೆ ಬರೆದುಕೊಳ್ಳುತ್ತೇನೆ, ಒಪ್ಪಿಗೆಯೇ?' ಎಂದು ಒಂದು ಮಾತು ಕೇಳಿದ್ದರೆ ಇಬ್ಬರೂ ಹೂಂ ಎನ್ನುತ್ತಿದ್ದರು. ಕೆಲಸ ಮುಗಿದ ಮೇಲೆ ತಾನೇ ಹೇಳಿದ ಸಂಬಳವನ್ನು ಯಾರು ಒಪ್ಪುತ್ತಾರೆ?

ಈ ವಿಷಯದಲ್ಲಿ ಕಾನೂನು ಏನು ಹೇಳುತ್ತದೆಂದು ಪರಿಚಯದ ವಕೀಲರನ್ನು ಕೇಳಿದೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 320ನೇ ಕಲಮಿನಿಂದ ಮುಂದೆ ಇದಕ್ಕೊಂದು ಕ್ರಮವೇ ಇದೆ. ಮೊದಲು ಸತ್ತವರ ಸ್ಥಿತಿಗತಿಗೆ ತಕ್ಕಷ್ಟು ಅಂತ್ಯಕ್ರಿಯೆಯ ಖರ್ಚು, ಕೊನೆಗಾಲದ ವೈದ್ಯರ ಖರ್ಚು, ಸಾಯುವ ಹಿಂದಿನ ಒಂದು ತಿಂಗಳ ಊಟ-ವಸತಿ. ಆಮೇಲೆ ಪ್ರೊಬೇಟ್ ಅಥವಾ ಆಡಳಿತ ಪತ್ರ ಪಡೆಯಲು ಕೋರ್ಟಿಗೆ ಆದ ಖರ್ಚು. ಅದರ ನಂತರ, ಇದು ನಾವು ರೈತರು ಗಮನಿಸಬೇಕಾದ್ದು, ಸಾಯುವ ಹಿಂದಿನ ಮೂರು ತಿಂಗಳಲ್ಲಿ ದುಡಿದ ಕೂಲಿಯವರ, ಕುಶಲಕರ್ಮಿಗಳ, ಮನೆಗೆಲಸದವರ ಬಾಕಿ. ಉಳಿದ ಸಾಲಗಳೆಲ್ಲ ಅದರ ನಂತರವೇ. ಪಾಲು ಕೊಟ್ಟಕೊನೆಗೆ.

ಉಯಿಲಿನಲ್ಲಿ ಹೆಸರಿಸಿದ ನಿರ್ವಾಹಕನಿಗೆ, ಕೋರ್ಟು ನೇಮಿಸಿದ ಆಡಳಿತಗಾರನಿಗೆ ಇರುವ ನಿಯಮ ಇದು. ಆತ ಆರು ತಿಂಗಳಲ್ಲಿ ಆಸ್ತಿಯ ಪಟ್ಟಿಯನ್ನೂ ಒಂದು ವರ್ಷದಲ್ಲಿ ಬಂದದ್ದು-ಹೋದದ್ದರ ಲೆಕ್ಕವನ್ನೂ ಕೋರ್ಟಿಗೆ ಒಪ್ಪಿಸಬೇಕು. ನಮ್ಮಂಥ ಮನೆಗಳಲ್ಲಿ ಉಯಿಲೂ ಇಲ್ಲ, ನೇಮಕವೂ ಇಲ್ಲ. ಯಾರು ಓಡಾಡುತ್ತಾನೋ ಅವನೇ ಆಡಳಿತಗಾರ. ಹಾಗಿದ್ದರೂ ಆ ಕ್ರಮ ನ್ಯಾಯವಾಗಿದೆ, ನಾವೇ ಒಪ್ಪಿ ಪಾಲಿಸಲು ಅಡ್ಡಿಯೇನು? ಅಪ್ಪನ ಹೊತ್ತಿನ ಕೊನೆಗಾರರ ಕೂಲಿ ನಾನು ಮೊದಲೇ ಕೊಟ್ಟುಬಿಟ್ಟಿದ್ದೆ. ಅವರು ಕೇಳಿಕೊಂಡು ಬಾಗಿಲಿಗೆ ಬರುವ ತನಕ ಕಾಯಬಾರದು. ಸೊಸೈಟಿಯ ಬೆಳೆಸಾಲವನ್ನು ಠೇವಣಿ ಬಂದ ಮೇಲೆ ತೀರಿಸಿದೆವು. ಸಾಲದ ಹೊಣೆ ವಾರಸುದಾರರಿಗೆ ಬರುವುದು ಅಪ್ಪನಿಂದ ಬಂದ ಆಸ್ತಿಯ ಮಿತಿಯೊಳಗೆ ಮಾತ್ರ ಎಂಬುದೂ ತಿಳಿದಿರಲಿ.

'ಸ್ಥಿತಿಗತಿಗೆ ತಕ್ಕಷ್ಟು' ಎಂಬ ಮಾತಿನಲ್ಲಿ ಬಹಳ ಅಡಗಿದೆ. ತಿಥಿಗೆ ನಾನೂರು ಎಲೆ ಹಾಕಿಸಿ, ಅದನ್ನು ವಿಧವೆ ತಾಯಿಯ ಪಾಲಿನಿಂದಲೂ ವಸೂಲು ಮಾಡುವುದು ನನಗೆ ಸರಿ ಕಾಣುವುದಿಲ್ಲ. ದೊಡ್ಡ ಊಟ ಬೇಕೆಂದವನು ಹೆಚ್ಚಿನದನ್ನು ಕೈಯಿಂದ ಹಾಕಲಿ. ನಮ್ಮಲ್ಲಿ ಮೂವರೂ ಮೊದಲೇ ಮಾತಾಡಿ ಮಾಡಿದ್ದರಿಂದ ತಕರಾರು ಬರಲಿಲ್ಲ.

ಇನ್ನೊಂದು ಎಡವಟ್ಟು ಭಾಗಿಸುವಾಗ ಆಗುತ್ತದೆ. 85,800 ಅನ್ನು ಅಣ್ಣ, ಅಕ್ಕ, ಅಮ್ಮ ಮೂವರು ನನಗೆ ಕೊಡಬೇಕೆಂದು ಮೂರರಿಂದ ಭಾಗಿಸಿದರೆ ನನ್ನ ಪಾಲಿನ ಖರ್ಚು ಅವರ ತಲೆಗೆ ಹೋಯಿತು. ಠೇವಣಿಯ ಹಣದಿಂದ ಮೊದಲು 85,800 ತೆಗೆದು ನನಗೆ ಕೊಟ್ಟು, ಉಳಿದದ್ದನ್ನು ನಾಲ್ಕು ಮಾಡಿದೆವು. ಆಗ ತಲೆಗೆ 21,450 ರಂತೆ ನಾನೂ ಹೊತ್ತ ಹಾಗಾಯಿತು. ಅಪ್ಪನ ಸ್ವಯಾರ್ಜಿತ ಆಸ್ತಿಯಲ್ಲಿ ಅಮ್ಮನಿಗೂ ಮಕ್ಕಳಷ್ಟೇ ಪಾಲು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಾಗಿನಿಂದಲೂ ಅದು ಹಾಗೇ ಇದೆ. ಹೆಣ್ಣುಮಕ್ಕಳದೂ ಅಷ್ಟೇ. ಆದರೂ ಊರಲ್ಲಿ ಪಂಚಾಯ್ತಿಗೆ ಕೂತವರು ಗಂಡುಮಕ್ಕಳನ್ನಷ್ಟೇ ಎಣಿಸುವುದನ್ನು ನಾನು ನೋಡಿದ್ದೇನೆ.

ನಾನು ಈ ಲೇಖನ ಬರೆಯಲು ಮುಖ್ಯ ಕಾರಣವೂ ಅದೇ. ನಮ್ಮ ಸುತ್ತಿನ ಮನೆಗಳಲ್ಲಿ ಈ ಖರ್ಚಿನ ಹೆಸರು ಹೇಳಿ ಅಕ್ಕತಂಗಿಯರಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದುಂಟು. 'ಆಸ್ಪತ್ರೆಗೆ ನಾನು ಸುರಿದದ್ದೇ ನಿನ್ನ ಪಾಲಿಗಿಂತ ಜಾಸ್ತಿ, ಸಹಿ ಹಾಕವ್ವಾ' ಎಂದರೆ, ತವರಿನ ಬಾಗಿಲು ಮುಚ್ಚೀತೆಂದು ಅವಳು ಹಾಕಿಬಿಡುತ್ತಾಳೆ. ಅಣ್ಣ ಸುರಿದದ್ದು ನಿಜವೇ ಇರಬಹುದು. ಎಷ್ಟು ಎಂದು ತೋರಿಸಲಿ. ತೋಟದಿಂದ ಎಷ್ಟು ಬಂತೆಂದೂ ತೋರಿಸಲಿ. ಎರಡೂ ತೋರಿಸಿದ ಮೇಲೆ ಖರ್ಚು ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ. ತಂದೆಯ ಮೇಲಿನ ಪ್ರೀತಿ ಕಡಿಮೆ ಎಂದೂ ಅಲ್ಲ. ಕೇಳದೆ ಒಳಗೊಳಗೇ ಕುದಿಯುವವರು ಹತ್ತು ವರ್ಷದ ಮೇಲೆ ಮದುವೆ ಮನೆಯಲ್ಲಿ ಎತ್ತಿ ಆಡುತ್ತಾರೆ.

ಪೌತಿ ಖಾತೆ ಈಗ ನಾಲ್ವರ ಹೆಸರಿನಲ್ಲಿ ಜಂಟಿಯಾಗಿದೆ. ಪಾಲು ಮಾಡಿ ಪೋಡಿ ಮಾಡಿಸುವ ಕೆಲಸ ಬಾಕಿ ಇದೆ, ಅದಕ್ಕೂ ಓಡಾಡುವವನು ನಾನೇ. ದಿನಗೂಲಿ ಎಷ್ಟೆಂದು ಈ ಸಲ ಮೊದಲೇ ಮಾತಾಗಿದೆ. ಅಕ್ಕ ತರೀಕೆರೆಯಿಂದ ಬರುವಾಗ ಹೊಸ ಉದ್ದ ಪುಸ್ತಕ ತಂದುಕೊಟ್ಟಿದ್ದಾಳೆ. ಎಡಪುಟಕ್ಕೆ ಬಂದದ್ದು, ಬಲಪುಟಕ್ಕೆ ಹೋದದ್ದು ಎಂದು ಅವಳೇ ಗೆರೆ ಎಳೆದಿದ್ದಾಳೆ.