ವಿಳಾಸ ತಪ್ಪಿದ ಪ್ರೋಟೀನು

ಜೀವಕೋಶದ ಚಿತ್ರವನ್ನು ಬರೆದು ಭಾಗಗಳನ್ನು ಹೆಸರಿಸದೆ ಶಾಲೆಯನ್ನು ದಾಟಿದ ವಿದ್ಯಾರ್ಥಿ ವಿರಳ. ಕೋಶಕೇಂದ್ರ, ಮೈಟೊಕಾಂಡ್ರಿಯ, ಲೈಸೊಸೋಮು ಎಂದು ಗೆರೆಯೆಳೆದು ಗುರುತಿಸಿದರೆ ಅಂಕಗಳು ದೊರೆಯುವುವು. ಆದರೆ ಈ ಒಂದೊಂದು ಕೋಣೆಗೂ ಅದಕ್ಕೆ ಬೇಕಾದ ಪ್ರೋಟೀನುಗಳೇ ಬಂದು ಸೇರುವುದು ಹೇಗೆಂಬ ಪ್ರಶ್ನೆಯನ್ನು ಕೇಳುವವರು ಕಡಮೆ. ಅದನ್ನು ಕೇಳಲೇಬೇಕೆಂಬುದು ನಮ್ಮ ಅಭಿಪ್ರಾಯ.

ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಮೊದಲು ಹೊಳೆಯುವ ಉತ್ತರ ವಿಸರಣ. ಜೀವಕೋಶದ ಅಗಲ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ನೂರರಲ್ಲೊಂದು ಭಾಗದಷ್ಟು. ಉಷ್ಣಚಲನೆಯಿಂದ ಅತ್ತಿತ್ತ ತಳ್ಳಲ್ಪಡುವ ಪ್ರೋಟೀನು ಈ ದೂರವನ್ನು ಕೆಲವೇ ಸೆಕೆಂಡುಗಳಲ್ಲಿ ಕ್ರಮಿಸಬಲ್ಲದು. ಆದುದರಿಂದ ದೂರವು ಅಡ್ಡಿಯಲ್ಲ. ಆದರೆ ವಿಸರಣಕ್ಕೆ ದಿಕ್ಕಿನ ಅರಿವಿಲ್ಲ. ಲೋಟದ ನೀರಿಗೆ ಬಿದ್ದ ಶಾಯಿಯ ಹನಿಯು ತಾನಾಗಿ ಒಂದು ಮೂಲೆಯನ್ನು ಆರಿಸಿಕೊಳ್ಳುವುದುಂಟೆ? ಮೇಲಾಗಿ ಕೋಣೆಗಳ ಸುತ್ತಲೂ ಕೊಬ್ಬಿನ ಪೊರೆಗಳಿವೆ. ಅವನ್ನು ಪ್ರೋಟೀನು ತಾನಾಗಿ ಭೇದಿಸಲಾರದು.

ವಿಳಾಸವು ಪ್ರೋಟೀನಿನಲ್ಲಿಯೇ ಅಡಗಿರಬೇಕೆಂದು ೧೯೭೧ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಗುಂಟರ್ ಬ್ಲೋಬೆಲ್ ಮತ್ತು ಡೇವಿಡ್ ಸಬಾಟಿನಿ ಊಹಿಸಿದರು. ೧೯೭೫ರಲ್ಲಿ ಬ್ಲೋಬೆಲ್ ಮತ್ತು ಡಾಬರ್‌ಸ್ಟೈನರ ಪ್ರಯೋಗಗಳು ಈ ಊಹೆಗೆ ಬಲ ಕೊಟ್ಟವು. ಕೋಶದಿಂದ ಹೊರಕ್ಕೆ ಹೋಗಬೇಕಾದ ಪ್ರೋಟೀನಿನ ಮುಂದುಗಡೆ ಸುಮಾರು ೧೫ರಿಂದ ೩೦ ಅಮೈನೊ ಆಮ್ಲಗಳ ತುಣುಕೊಂದಿರುವುದು. ಅದರ ನಡುಭಾಗಕ್ಕೆ ನೀರೆಂದರೆ ಆಗದು. ರೈಬೊಸೋಮಿನಿಂದ ಅದು ತಲೆಯೆತ್ತಿದ ಕೂಡಲೇ ಒಂದು ವಾಹಕ ಕಣವು ಅದನ್ನು ಹಿಡಿದು ಪೊರೆಯ ಬಾಗಿಲಿಗೆ ಒಯ್ಯುವುದು. ಒಳಹೊಕ್ಕ ಮೇಲೆ ಆ ತುಣುಕು ಕತ್ತರಿಸಲ್ಪಡುವುದು. ಕೋಶಕೇಂದ್ರಕ್ಕೆ, ಮೈಟೊಕಾಂಡ್ರಿಯಕ್ಕೆ ಬೇರೆ ಬೇರೆ ಗುರುತುಗಳುಂಟು. ಕೋಶಕೇಂದ್ರದ ಗುರುತನ್ನು ಬೇರೊಂದು ಪ್ರೋಟೀನಿಗೆ ಜೋಡಿಸಿದರೆ ಅದೂ ಅಲ್ಲಿಗೇ ಹೋಗಿ ಸೇರುವುದು! ಈ ಶೋಧಕ್ಕಾಗಿ ಬ್ಲೋಬೆಲ್ಲರಿಗೆ ೧೯೯೯ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ವಿಳಾಸವಿಲ್ಲದಿದ್ದರೆ ಆಗುವುದೇನು? ಲೈಸೊಸೋಮು ಕೋಶದ ಕಸವನ್ನು ಜೀರ್ಣಿಸುವ ಸ್ಥಳ. ಅಲ್ಲಿಗೆ ಹೋಗಬೇಕಾದ ಕಿಣ್ವಗಳಿಗೆ ಗಾಲ್ಜಿ ಎಂಬ ಭಾಗದಲ್ಲಿ ಮ್ಯಾನೋಸ್-೬-ಫಾಸ್ಫೇಟ್ ಎಂಬ ಮುದ್ರೆ ಬೀಳುವುದು. ಐ-ಸೆಲ್ ರೋಗವೆಂಬ ವಿರಳ ಆನುವಂಶಿಕ ರೋಗದಲ್ಲಿ ಈ ಮುದ್ರೆಯೊತ್ತುವ ಕಿಣ್ವವೇ ಕೆಟ್ಟಿರುವುದು. ಜೀರ್ಣಕಾರಿ ಕಿಣ್ವಗಳು ಊನವಿಲ್ಲದೆ ತಯಾರಾದರೂ ಕೋಶದ ಹೊರಕ್ಕೆ ಸಾಗಿ ರಕ್ತವನ್ನು ಸೇರುವುವು. ಒಳಗೆ ಕಸ ತುಂಬಿಕೊಳ್ಳುವುದು. ಶಿಶುವಿನ ದೇಹ, ಬುದ್ಧಿಗಳೆರಡೂ ಬೆಳೆಯದೆ ಕುಂಠಿತವಾಗುವುವು. ಇಂಥ ಮಕ್ಕಳಲ್ಲಿ ಹೆಚ್ಚಿನವರು ಬಾಲ್ಯದಲ್ಲಿಯೇ ತೀರಿಕೊಳ್ಳುವರು. ತಯಾರಾದ ವಸ್ತುವಿನಲ್ಲಿ ಕೊರತೆಯಿಲ್ಲ, ಅದು ಸೇರಿದ ಸ್ಥಳ ಮಾತ್ರ ತಪ್ಪು ಎಂಬುದನ್ನು ವಾಚಕರು ಗಮನಿಸಬೇಕು.

ಇದನ್ನು ಅಂಚೆಯ ವ್ಯವಸ್ಥೆಗೆ ಹೋಲಿಸುವ ವಾಡಿಕೆಯುಂಟು. ಹೋಲಿಕೆ ಸೊಗಸಾದುದೇ, ಆದರೆ ಇಲ್ಲಿ ವಿಳಾಸವನ್ನು ಓದುವ ಅಂಚೆಯವನಿಲ್ಲ. ಅಣುವಿನ ಆಕಾರ, ವಿದ್ಯುದಾವೇಶ, ನೀರಿನೊಡನೆ ಅದಕ್ಕಿರುವ ಸ್ನೇಹ ಅಥವಾ ವೈರ, ಇವುಗಳಿಂದಲೇ ಗುರುತು ಹಿಡಿಯುವ ಕೆಲಸ ನಡೆಯುವುದು. ಇವೆಲ್ಲವೂ ಭೌತಶಾಸ್ತ್ರದ ಮಾತುಗಳಲ್ಲವೆ? ಆದರೂ ನಮ್ಮ ತರಗತಿಗಳಲ್ಲಿ ಕುಳಿತವರು ಜೀವಶಾಸ್ತ್ರವನ್ನು ಬರಿಯ ಬಾಯಿಪಾಠವೆಂದು ತಿಳಿದು ಕೈಬಿಡುವರು. ಜೀವಶಾಸ್ತ್ರದವರು ಗಣಿತಕ್ಕೂ ಭೌತಶಾಸ್ತ್ರಕ್ಕೂ ಅಂಜಿ ದೂರ ನಿಲ್ಲುವರು. ನಷ್ಟ ಇಬ್ಬರದೂ. ಇದರಲ್ಲಿ ಅಧ್ಯಾಪಕರಾದ ನಮ್ಮ ತಪ್ಪೂ ಇದೆ. ಚಿತ್ರಕ್ಕೆ ಅಂಕ ಕೊಟ್ಟು ನಾವು ಸುಮ್ಮನಾಗಿದ್ದೇವೆ. ಇನ್ನು ಮುಂದೆ ಆ ಚಿತ್ರದ ಕೆಳಗೆ ಒಂದು ಪ್ರಶ್ನೆಯನ್ನು ಸೇರಿಸೋಣ: "ಇದು ಇಲ್ಲಿಗೆ ಬಂದುದು ಹೇಗೆ?"