ಪಟ್ಟಿ ಎತ್ತುವ ಮುನ್ನ



ಮಾಗಡಿ ಕೆರೆಯ ದಂಡೆಯಲ್ಲಿ ಚಳಿಗಾಲದ ಬೆಳಗುಗಳನ್ನು ಕಳೆಯುವ ನಮ್ಮ ಹವ್ಯಾಸಿ ಪಕ್ಷಿವೀಕ್ಷಕರ ನಡುವೆ ಒಂದು ಮಾತು ಈಗೀಗ ಮತ್ತೆ ಮತ್ತೆ ಕೇಳಿಬರುತ್ತಿದೆ: ನಮಗೊಂದು ಸ್ವಂತ ಕಟ್ಟಡ ಬೇಕು. ಗದಗ-ಬೆಟಗೇರಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಾಗಲಿ, ಕಪ್ಪತಗುಡ್ಡದ ಸುತ್ತಲಿನ ಯಾವುದಾದರೊಂದು ಊರಿನಲ್ಲಿ ನಾಲ್ಕು ಗೋಡೆ, ಒಂದು ಸೂರು, ಬಾಗಿಲ ಮೇಲೊಂದು ಫಲಕ. ಶಾಲೆಯ ಕೊಠಡಿಯನ್ನೋ ಗುಡಿಯ ಪೌಳಿಯನ್ನೋ ಬೇಡಿ ಪಡೆದು ಸಭೆ ನಡೆಸಿ ಸಾಕಾಗಿದೆ ಎನ್ನುವವರ ಬೇಸರ ನಮಗೂ ಅರ್ಥವಾಗುತ್ತದೆ. ಹಣ ಕೂಡಿಸುವ ಯೋಚನೆಯೂ ನಡೆದಿದೆ. ಪಟ್ಟಿ ಎತ್ತಲು ಹೊರಡುವ ಮುನ್ನ ಕೆಲವು ಮಾತುಗಳನ್ನು ಇಲ್ಲಿ ಆಡಿಕೊಳ್ಳುವುದು ಒಳಿತು.

ಮೊದಲು ಕಟ್ಟಡ ಏಕೆ ಬೇಕು ಎಂಬುದು. ಸಭೆಗಾದರೆ ಆಲದ ನೆರಳು ಸಾಕು. ನಮ್ಮ ಚಿಂತೆಯಿರುವುದು ವಹಿಗಳ ಬಗೆಗೆ. ಮಂಗೋಲಿಯಾ, ಟಿಬೆಟ್, ಲಡಾಖಿನ ಎತ್ತರದ ಸರೋವರಗಳಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಮಾಗಡಿ ಕೆರೆಗೆ ಇಳಿಯುತ್ತವೆ. ಯಾವ ವರ್ಷ ಎಷ್ಟು ಬಂದವು, ಯಾವ ವಾರ ಬಂದವು, ಯಾವ ವಾರ ಹೊರಟವು, ಸುತ್ತಲಿನ ಹೊಲಗಳಲ್ಲಿ ಏನನ್ನು ಮೇದವು ಎಂಬುದನ್ನೆಲ್ಲ ಬರೆದಿಡುವವರು ಹವ್ಯಾಸಿಗಳೇ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ನಮ್ಮ ನಾಡಿನ ಕೆರೆಗಳಲ್ಲಿ ಕಂಡದ್ದುಂಟು. ಆ ಪಟ್ಟಿಯ ಮೇಲಿನ ಅಕ್ಷರವನ್ನು ದುರ್ಬೀನಿನಲ್ಲಿ ಓದಿ, ಆ ದಿನವೇ ಬರೆದಿಟ್ಟರಷ್ಟೇ ಅದಕ್ಕೆ ಬೆಲೆ. ಆದರೆ ಬರೆದ ವಹಿ ಎಲ್ಲಿದೆ? ಒಬ್ಬರ ಮನೆಯ ಟ್ರಂಕಿನಲ್ಲಿ. ಹುಡುಗ ಕಾಲೇಜು ಮುಗಿಸಿ ಬೆಂಗಳೂರಿಗೆ ನೌಕರಿಗೆ ಹೋಗುತ್ತಾನೆ, ಮನೆಯವರು ಟ್ರಂಕನ್ನು ಅಟ್ಟಕ್ಕೆ ಏರಿಸುತ್ತಾರೆ, ಉಳಿದ ಕೆಲಸವನ್ನು ಗೆದ್ದಲು ನೋಡಿಕೊಳ್ಳುತ್ತದೆ.

ಈ ವಹಿಗಳ ಬೆಲೆ ಎಷ್ಟೆಂಬುದು 2024ರಲ್ಲಿ ಮಾಗಡಿ ಕೆರೆ ರಾಮ್ಸಾರ್ ತಾಣವಾದಾಗ ನಮಗೆ ಹೊಳೆಯಬೇಕಿತ್ತು. 1971ರ ಆ ಅಂತರರಾಷ್ಟ್ರೀಯ ಒಪ್ಪಂದದ ಮಾನದಂಡಗಳಲ್ಲಿ ಒಂದು ಹೀಗಿದೆ: ಒಂದು ಜಾತಿಯ ನೀರುಹಕ್ಕಿಗಳ ಒಟ್ಟು ಸಂಖ್ಯೆಯಲ್ಲಿ ಶೇ. 1ರಷ್ಟಕ್ಕೆ ನಿಯಮಿತವಾಗಿ ಆಶ್ರಯ ಕೊಡುವ ಜಲತಾಣ ಜಗತ್ತಿಗೇ ಮಹತ್ವದ್ದು. ‘ನಿಯಮಿತವಾಗಿ’ ಎಂಬ ಆ ಒಂದು ಪದದ ಬೆನ್ನಿಗೆ ವರ್ಷವರ್ಷದ ಎಣಿಕೆ ಇರಬೇಕು. ಒಕ್ಕಲುತನಕ್ಕೆಂದು ಕಟ್ಟಿದ ಸುಮಾರು 50 ಹೆಕ್ಟೇರಿನ ಒಂದು ಕೆರೆಗೆ ನಾಳೆ ಕುತ್ತು ಬಂದರೂ ನಾವು ಹಿಡಿದು ನಿಲ್ಲಬೇಕಾದದ್ದು ಆ ಎಣಿಕೆಯನ್ನೇ. ಆದುದರಿಂದ ವಹಿಗಳಿಗೆ ಒಂದು ಮನೆ ಬೇಕು ಎಂಬ ಮಾತನ್ನು ನಾವು ಒಪ್ಪುತ್ತೇವೆ.

ಆದರೆ ಅವಸರ ಬೇಡ. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಥೆಯನ್ನು ವಿದ್ಯಾರ್ಥಿಗಳು ತಿಳಿದಿರಬೇಕು. 1883ರ ಸೆಪ್ಟೆಂಬರ್ 15ರಂದು ಎಂಟು ಜನ ಕೂಡಿ ಅದನ್ನು ಆರಂಭಿಸಿದರು. ಆತ್ಮಾರಾಮ ಪಾಂಡುರಂಗ ಮತ್ತು ಸಖಾರಾಮ ಅರ್ಜುನ ಎಂಬ ಇಬ್ಬರು ವೈದ್ಯರು ಅವರಲ್ಲಿದ್ದರು. ಹಕ್ಕಿ, ಹಾವು, ಚಿಟ್ಟೆಗಳ ವಿಷಯವಾಗಿ ತಮ್ಮ ಟಿಪ್ಪಣಿಗಳನ್ನು ಪರಸ್ಪರ ಓದಿ ಹೇಳುವುದಷ್ಟೇ ಅವರ ಉದ್ದೇಶ. ಮೊದಲು ಒಂದು ವಸ್ತುಸಂಗ್ರಹಾಲಯದಲ್ಲಿ ಕೂಡುತ್ತಿದ್ದರು. 1884ರಲ್ಲಿ ಫಿಪ್ಸನ್ ಎಂಬ ಮದ್ಯದ ವ್ಯಾಪಾರಿ ತನ್ನ ಅಂಗಡಿಯಲ್ಲಿಯೇ ಜಾಗ ಕೊಟ್ಟ. (ಪಾನನಿರೋಧದ ನಮ್ಮ ಹಿರಿಯ ಓದುಗರು ಕ್ಷಮಿಸಬೇಕು.) 1886ರಿಂದ ಅವರ ಪತ್ರಿಕೆ ಹೊರಡತೊಡಗಿತು. ಆ ಆವರಣದಲ್ಲಿ ಸಾಕಿದ್ದ ವಿಲಿಯಂ ಎಂಬ ದೊಡ್ಡ ಮಂಗಟ್ಟೆಹಕ್ಕಿಯೇ ಮುಂದೆ ಸಂಸ್ಥೆಯ ಲಾಂಛನವಾಯಿತು. ‘ಹಾರ್ನ್‌ಬಿಲ್ ಹೌಸ್’ ಎಂಬ ಕಟ್ಟಡ ಎದ್ದದ್ದು 1960ರ ದಶಕದಲ್ಲಿ, ಸರ್ಕಾರದ ಅನುದಾನದ ನೆರವಿನಿಂದ. ಆಗ ಸಂಸ್ಥೆಗೆ ಎಂಬತ್ತು ವರ್ಷ ತುಂಬಿತ್ತು. ಅಷ್ಟರೊಳಗೆ ಸಂಗ್ರಹ ಬೆಳೆದಿತ್ತು, ಗ್ರಂಥಾಲಯ ಬೆಳೆದಿತ್ತು, ಸಲೀಂ ಅಲಿಯವರಂಥವರು ಬೆಳೆದಿದ್ದರು.

ಅಷ್ಟು ದೂರ ಏಕೆ, ನಮ್ಮ ಮಲೆನಾಡಿನ ಹೆಗ್ಗೋಡನ್ನೇ ನೋಡಬಹುದು. ಅಡಿಕೆ ಬೆಳೆಯುವ ಆ ಹಳ್ಳಿಯ ಹವ್ಯಾಸಿಗಳು 1949ರಲ್ಲಿ ನೀನಾಸಂ ಕಟ್ಟಿಕೊಂಡರು. ಶಿವರಾಮ ಕಾರಂತ ರಂಗಮಂದಿರ ಅವರಿಗಾದದ್ದು 1972ರಲ್ಲಿ. ನಡುವಿನ ಇಪ್ಪತ್ಮೂರು ವರ್ಷ ಅವರು ಕಟ್ಟಡಕ್ಕಾಗಿ ನಾಟಕವನ್ನು ನಿಲ್ಲಿಸಿ ಕುಳಿತಿರಲಿಲ್ಲ.

ಇನ್ನು ಹಣದ ಮಾತು. ಯಾರಿಂದ ಪಡೆಯಬೇಕು ಎಂಬುದೇ ಇಲ್ಲಿ ನಿಜವಾದ ಪ್ರಶ್ನೆ. 2013ರ ಕಂಪನಿ ಕಾಯ್ದೆ ಬಂದಂದಿನಿಂದ ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವಿನಿಯೋಗಿಸಬೇಕು. ಪರಿಸರವೂ ಆ ಪಟ್ಟಿಯಲ್ಲಿದೆ. ಹೀಗಾಗಿ ಯಾರಾದರೂ ಬಂದು, ‘ನೀವೇಕೆ ಮನೆಮನೆ ತಿರುಗುತ್ತೀರಿ, ಪೂರ್ತಿ ಕಟ್ಟಡವನ್ನು ನಾವೇ ಕಟ್ಟಿಸಿ ಕೊಡುತ್ತೇವೆ’ ಎಂದರೆ ಆಶ್ಚರ್ಯವಿಲ್ಲ. ಕೊಡುವವರೆಲ್ಲ ಕೆಟ್ಟವರೆಂದು ನಾವು ಹೇಳುವುದಿಲ್ಲ. ಆದರೆ ನಮ್ಮ ಗುಡ್ಡದ ಚರಿತ್ರೆ ಮರೆಯುವಂಥದ್ದಲ್ಲ. 2011ರಲ್ಲಿ ಹಳ್ಳಿಗುಡಿಯ ಭೂಮಿಗೆ ಪೋಸ್ಕೋ ಉಕ್ಕಿನ ಕಾರ್ಖಾನೆ ಬರಲಿತ್ತು. ರೈತರು ಮತ್ತು ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಎದ್ದು ನಿಂತುದರಿಂದ ಹಿಂದೆ ಸರಿಯಿತು. 2015ರಲ್ಲಿ ಕಪ್ಪತಗುಡ್ಡಕ್ಕೆ ದೊರೆತ ಸಂರಕ್ಷಿತ ಮೀಸಲು ಪ್ರದೇಶದ ಮನ್ನಣೆಯನ್ನು 2016ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಜನ ಬೀದಿಗಿಳಿದ ಮೇಲೆ 2017ರಲ್ಲಿ ಮರಳಿ ಬಂತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ನೆಲದೊಳಗೆ ಅದಿರಿರುವ ತನಕ ಅದರ ಮೇಲಿನ ಆಸೆ ಸಾಯುವುದಿಲ್ಲ. ಮುಂದೊಮ್ಮೆ ಅಹವಾಲು ಸಭೆ ನಡೆದಾಗ ನಮ್ಮ ಎಣಿಕೆಯ ವಹಿಯನ್ನು ಹಿಡಿದು ಎದ್ದು ನಿಲ್ಲುವವನು, ಯಾರ ವಿರುದ್ಧ ಮಾತಾಡಬೇಕೋ ಅವರದೇ ಹೆಸರಿನ ಫಲಕದಡಿಯಿಂದ ಬಂದವನಾಗಿದ್ದರೆ ಅವನ ನಾಲಗೆ ಎಷ್ಟು ಹೊರಳೀತು?

ನಮ್ಮ ಸೀಮೆಗೆ ಹಣ ಕೂಡಿಸುವ ವಿದ್ಯೆಯನ್ನು ಹೊರಗಿನವರು ಕಲಿಸಬೇಕಿಲ್ಲ. ಏಷ್ಯಾದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾದದ್ದು ಗದಗ ತಾಲೂಕಿನ ಕಣಗಿನಹಾಳದ್ದು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರ ಒಕ್ಕಲಿಗರನ್ನು ಕೂಡಿಸಿ ಅದನ್ನು ಕಟ್ಟಿದರು. ಪಾಲು ಹಾಕಿದವನಿಗೆ ಲೆಕ್ಕ ಕೇಳುವ ಹಕ್ಕು ಇರುತ್ತದೆ. ದಾನ ಪಡೆದವನಿಗೆ ಮುಜುಗರವಷ್ಟೇ ಇರುತ್ತದೆ. ವೀರೇಶ್ವರ ಪುಣ್ಯಾಶ್ರಮವನ್ನು ನೋಡಿ. ಸ್ವತಃ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳ ಅನ್ನಕ್ಕೂ ಸಂಗೀತಕ್ಕೂ ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದರು. ಭಕ್ತರು ನಾಣ್ಯಗಳಲ್ಲಿ ತೂಗಿದ ತುಲಾಭಾರದ ಹಣವೆಲ್ಲ ಆಶ್ರಮಕ್ಕೇ ಹೋಯಿತು. 2010ರಲ್ಲಿ ಅವರು ಲಿಂಗೈಕ್ಯರಾದಾಗ ಗದಗಿಗೆ ಹರಿದುಬಂದ ಜನರಲ್ಲಿ, ಆ ಗೋಡೆಗಳಲ್ಲಿ ನನ್ನದೂ ಒಂದು ನಾಣ್ಯವಿದೆ ಎನ್ನಬಲ್ಲವರು ಎಷ್ಟೋ ಮಂದಿ ಇದ್ದರು.

ಆದುದರಿಂದ ನಮ್ಮ ಸೂಚನೆ ಇಷ್ಟು. ಮನೆಗಿಷ್ಟೆಂದು ಸಣ್ಣ ವಂತಿಗೆ ಇರಲಿ. ಸುಗ್ಗಿಯಲ್ಲಿ ಶೇಂಗಾ, ಜೋಳ ಕೊಟ್ಟರೂ ಆದೀತು, ಮಾರಿದ ಚೀಟಿ ಲೆಕ್ಕದಲ್ಲಿರಲಿ. ಯಾರೊಬ್ಬರ ಹಣವೂ ಒಟ್ಟು ಮೊತ್ತದ ಹತ್ತರಲ್ಲೊಂದು ಪಾಲನ್ನು ಮೀರದಿರಲಿ. ಪಾವತಿ ಪುಸ್ತಕವಿಲ್ಲದೆ ಒಂದು ರೂಪಾಯಿಯನ್ನೂ ಮುಟ್ಟಬಾರದು. ಜಮಾ-ಖರ್ಚನ್ನು ಪ್ರತಿ ತಿಂಗಳು ಪಂಚಾಯತಿಯ ಗೋಡೆಗೆ ಅಂಟಿಸಬೇಕು. ಯಾರಾದರೂ ಹೊಲದ ಮೂಲೆಯನ್ನು ದಾನ ಕೊಡುವುದಾದರೆ ಬಾಯಿಮಾತು ಸಾಲದು. ಮೊದಲು ಬಳಗವನ್ನು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿ, ದಾನಪತ್ರವನ್ನು ಸಂಘದ ಹೆಸರಿಗೆ ಮಾಡಿಸಿ, ಬಿನ್‌ಶೇತ್ಕಿ ಮುಗಿಸಿಕೊಂಡೇ ಬುನಾದಿ ತೋಡಬೇಕು. ಅಧ್ಯಕ್ಷರ ಹೆಸರಿಗೆ ಜಾಗ ಬರೆಸಿದ ಸಂಘಗಳ ಜಗಳಗಳು ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಕೋರ್ಟಿನಲ್ಲಿ ಉಳಿಯುವುದನ್ನು ಈ ಭಾಗದವರಿಗೆ ಹೇಳಬೇಕಿಲ್ಲ.

ಕಟ್ಟಡವೂ ಸಣ್ಣದಿರಲಿ. ಮೂರಂಕಣದ ಮನೆ ಸಾಕು: ಕಲ್ಲಿನ ಗೋಡೆ, ಮೇಲೆ ಬೆಳಕಿಂಡಿ, ಒಳಗೆ ಗೆದ್ದಲು ಹತ್ತದ ಎರಡು ಕಬ್ಬಿಣದ ಕಪಾಟು, ಹಳ್ಳಿಯ ಮಕ್ಕಳು ಬರೆದುಕೊಟ್ಟು ಒಯ್ಯಬಹುದಾದ ನಾಲ್ಕು ದುರ್ಬೀನು. ಕೂಡಿದ ಹಣದಲ್ಲಿ ಮೂರನೆಯ ಒಂದು ಪಾಲನ್ನು ಮೊದಲೇ ತೆಗೆದು ಠೇವಣಿ ಇಡಬೇಕು. ಸುಣ್ಣ, ದೀಪ, ಸೋರುವ ಮಾಳಿಗೆಯ ದುರಸ್ತಿಗೆಲ್ಲ ಬಡ್ಡಿ ಬೇಕಾಗುತ್ತದೆ. ಉದ್ಘಾಟನೆಯ ಮರುವರ್ಷವೇ ಬೀಗ ಬಿದ್ದ ಸಮುದಾಯ ಭವನಗಳು ನಮ್ಮ ದಾರಿಯುದ್ದಕ್ಕೂ ಇವೆ.

ಪಟ್ಟಿ ಎತ್ತಲು ಹೊರಡುವವರು ಹಣದ ಜೊತೆಗೆ ಇನ್ನೊಂದನ್ನೂ ಕೇಳಲಿ. ಮಾಗಡಿಯ ಹಕ್ಕಿಗಳ ಹಳೆಯ ಎಣಿಕೆ, ಗುಡ್ಡದ ಔಷಧಿ ಸಸ್ಯಗಳ ಪಟ್ಟಿ, ಮಳೆಯ ಲೆಕ್ಕ ಬರೆದ ಡೈರಿ ಯಾರ ಮನೆಯ ಅಟ್ಟದಲ್ಲಿದ್ದರೂ ಕೆಳಗಿಳಿಸಿ, ಈ ಹಂಗಾಮಿನ ಹೆಬ್ಬಾತುಗಳು ಬರುವುದರೊಳಗೆ ಪ್ರತಿ ಮಾಡಿಸಿಡೋಣ. ಅದಕ್ಕೆ ಕಟ್ಟಡ ಏಳುವವರೆಗೆ ಕಾಯಬೇಕಿಲ್ಲ.